ಜುಟ್ಟಿಲ್ಲದ ಬೀಜ

ಹಸಿ ಹುಲ್ಲು ಕೊಯ್ದ ವಾಸನೆಗೆ ಜನ ಮೂಗರಳಿಸುತ್ತಾರೆ. ನಾನು ಕಾರಿನ ಗಾಜು ಏರಿಸುತ್ತೇನೆ. ಈ ವಸಂತದ ಒಂದು ಭಾನುವಾರ ಡ್ಯಾನ್‌ವಿಲ್ ಎಂಬ ಊರು ದಾಟಿ ಹೋಗುವಾಗ ರಸ್ತೆ ಬದಿಯ ಇಳಿಜಾರಿನಲ್ಲಿ ಇಬ್ಬರು ಹೆಗಲಿಗೆ ಯಂತ್ರ ಕಟ್ಟಿಕೊಂಡು ಹುಲ್ಲು ಸವರುತ್ತಿದ್ದರು. ಪೆಟ್ರೋಲಿನ ಘಾಟು, ಅದರೊಳಗೆ ಹಸಿರು ರಸದ ವಾಸನೆ, ಅದರಡಿಯಲ್ಲಿ ಒದ್ದೆ ಮಣ್ಣು. ಗಾಜು ಏರುವಷ್ಟರಲ್ಲಿ ಅದು ಒಳಗೆ ಬಂದಾಗಿತ್ತು. ಪಕ್ಕದ ಸೀಟಿನಲ್ಲಿ ನನ್ನ ತಂಗಿ ದಾವಲಬಿ ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಏನೂ ಅನ್ನದೆ ಇರುವುದನ್ನು ಆಕೆ ಮೂರು ವರ್ಷದಿಂದ ರೂಢಿ ಮಾಡಿಕೊಂಡಿದ್ದಾಳೆ. ಆ ದಿನ ನಾನು ಆಕೆಗೆ ಒಂದೇ ಒಂದು ಮಾತು ಹೇಳಿದೆ. ಆ ಮಾತಿನ ಹಿಂದಿನ ಕತೆ ಮೂರು ವರ್ಷದ ಹಿಂದಿನ ವಸಂತದ್ದು.

ನಮ್ಮದು ಗದಗ ಕಡೆಯ ನದಾಫರ ಮನೆ. ಅಪ್ಪ ಅರಳೆ ಹಿಂಜುವ ಬಿಲ್ಲು ಹೊತ್ತುಕೊಂಡು ಓಣಿಯಿಂದ ಓಣಿಗೆ ಹೋಗಿ ಗಾದಿ ತುಂಬಿಕೊಡುತ್ತಿದ್ದ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅವನ ಜೊತೆ ಹೊರಟೆ. ಹಿಂಜಿದ ಅರಳೆಯಲ್ಲಿ ಉಳಿದ ಹತ್ತಿಕಾಳು ಹುಡುಕಿ ತೆಗೆಯುವುದು ನನ್ನ ಪಾಲಿನ ಕೆಲಸ. ಗುಡ್ಡೆಯೊಳಗೆ ಕೈ ಬಿಟ್ಟರೆ ಬೆರಳ ತುದಿಗೆ ಕಾಳು ತಾಗುತ್ತಿತ್ತು. ಅದರ ಮೈಮೇಲೆ ಎಷ್ಟು ಎಳೆ ಉಳಿದಿದೆ ಎಂಬುದೂ ಗೊತ್ತಾಗುತ್ತಿತ್ತು. ಒಂದು ಕಾಳು ಒಳಗುಳಿದರೂ ಮಲಗಿದವರ ಬೆನ್ನು ಅದನ್ನು ಹೇಳುತ್ತದೆ ಎಂದು ಅಪ್ಪ ಅನ್ನುತ್ತಿದ್ದ. ದಾವಲಬಿ ನನಗಿಂತ ಎಂಟು ವರ್ಷ ಚಿಕ್ಕವಳು. ಬಿಲ್ಲಿನ ಸದ್ದು ಮುಟ್ಟದ ಹಿತ್ತಲಲ್ಲಿ ಕೂರಿಸಿ ಆಕೆಯನ್ನು ಓದಿಸಿದೆವು. ಧಾರವಾಡಕ್ಕೆ ಹೋಗಿ ಸಸ್ಯಶಾಸ್ತ್ರ ಓದಿದಳು, ಮದುವೆಯಾಗಿ ಈ ದೇಶಕ್ಕೆ ಬಂದಳು, ಇಲ್ಲಿನ ಪ್ರಜೆಯಾದ ಮೇಲೆ ನನ್ನ ಹೆಸರಲ್ಲಿ ಅರ್ಜಿ ಹಾಕಿದಳು. ಅರ್ಜಿ ಫಲಿಸುವ ಹೊತ್ತಿಗೆ ಅಪ್ಪ ಅವ್ವ ಇರಲಿಲ್ಲ, ನನ್ನ ಹೆಂಡತಿಯೂ ಇರಲಿಲ್ಲ, ಗಾದಿಯ ಕಸುಬನ್ನು ಸ್ಪಂಜು ನುಂಗಿಹಾಕಿತ್ತು. ಐವತ್ತರ ಹತ್ತಿರದಲ್ಲಿ ನಾನು ವಾಲ್ನಟ್ ಕ್ರೀಕಿನ ಆಕೆಯ ಅಪಾರ್ಟ್‌ಮೆಂಟಿಗೆ ಬಂದು ಇಳಿದೆ.

ಇಲ್ಲಿ ಬಶೀರ್ ಸಾಹೇಬರು ಎಂಬ ಮೈಸೂರಿನವರು ಹುಲ್ಲು ಕಡಿಯುವ, ಬೇಲಿ ಹಾಕುವ ಗುತ್ತಿಗೆ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಈ ಗುಡ್ಡಗಳ ಹುಲ್ಲು ಒಣಗಿ ಬೆಂಕಿಗಾಗಿ ಕಾದು ನಿಲ್ಲುತ್ತದೆ. ಅದಕ್ಕೆ ಮೊದಲೇ ಕಡಿಸಬೇಕು. ಮಸೀದಿಯಲ್ಲಿ ಪರಿಚಯವಾದ ಅವರು ನನ್ನನ್ನು ಆ ಕೆಲಸಕ್ಕೆ ಸೇರಿಸಿಕೊಂಡರು. ತಂಗಿಯ ಕೆಲಸ ಅದಕ್ಕೆ ಪೂರಾ ಉಲ್ಟಾ. ಯಾರಾದರೂ ಖಾಲಿ ಜಾಗದಲ್ಲಿ ಮನೆಗಳನ್ನು ಕಟ್ಟಬೇಕೆಂದರೆ ಅಲ್ಲಿ ಏನೇನು ಗಿಡಗಳಿವೆ ಎಂದು ಮೊದಲು ಸರ್ಕಾರಕ್ಕೆ ಬರೆದುಕೊಡಬೇಕು. ಆಕೆ ಆ ಕೆಲಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದಳು. ನಾನು ಕಡಿಯುವವನು, ಆಕೆ ಕಡಿಯುವ ಮುನ್ನ ನೋಡುವವಳು. ಆಕೆಯ ಮಂಡಿ ನೋಯುತ್ತಿದ್ದರಿಂದ ಭಾನುವಾರಗಳಂದು ಚೀಲ ಹೊರಲು ನನ್ನನ್ನು ಕರೆದುಕೊಂಡು ಹೋಗತೊಡಗಿದಳು.

ಆ ವರ್ಷ ಮಳೆ ಬಿಡದೆ ಬಂತು. ಫ್ರೀವೇ ಪಕ್ಕದ ಗುಡ್ಡಗಳು ಕುಸಿದು ಕೆಂಪಗೆ ಬಾಯಿ ಬಿಟ್ಟವು. ಡ್ಯಾನ್‌ವಿಲ್ಲಿನಿಂದ ಪೂರ್ವಕ್ಕೆ, ಗುಡ್ಡದ ಸೆರಗಿನಲ್ಲಿ ಮನೆ ಕಟ್ಟಲೆಂದು ಆರಿಸಿದ ಒಂದು ಹುಲ್ಲುಗಾವಲಿನಲ್ಲಿ ತಟ್ಟೆಯಂತೆ ಒಂದು ತಗ್ಗಿತ್ತು. ಅಡಿಯಲ್ಲಿ ಜೇಡಿಮಣ್ಣು. ಚಳಿಗಾಲವೆಲ್ಲ ಅದರಲ್ಲಿ ಮೊಣಕಾಲುದ್ದ ನೀರು ನಿಂತು, ಮಾರ್ಚಿನಲ್ಲಿ ಅಂಚಿನಿಂದ ಒಳಕ್ಕೆ ಇಂಗುತ್ತಾ ಬಂತು. ನೀರು ಹಿಂದೆ ಸರಿದ ಕಡೆ ಒಂದು ಹಳದಿ ಬಳೆ ಎದ್ದಿತು. ಮುಂದಿನ ವಾರ ಅದರೊಳಗೆ ಇನ್ನೊಂದು ಬಳೆ. ಗೇಣುದ್ದದ ಗಿಡ, ನಮ್ಮ ಗುರೆಳ್ಳಿನ ಹೂವಿನ ಮರಿಯಂಥ ಹೂವು. ಅದಕ್ಕೆ ಇಂಗ್ಲಿಷಿನಲ್ಲಿ ಗೋಲ್ಡ್‌ಫೀಲ್ಡ್ಸ್ ಅನ್ನುತ್ತಾರೆ, ಬಂಗಾರದ ಹೊಲ ಎಂದು ದಾವಲಬಿ ಹೇಳಿದಳು. ಈ ಹೆಸರಿನಲ್ಲಿ ಹತ್ತಾರು ಅಕ್ಕತಂಗಿಯರಿದ್ದಾರೆ. ಹೆಚ್ಚಿನವು ಗುಡ್ಡದ ತುಂಬ ಸಿಗುತ್ತವೆ. ಒಂದು ಮಾತ್ರ ಇಂಥ ನೀರುತಗ್ಗಿನಲ್ಲಷ್ಟೇ ಹುಟ್ಟುತ್ತದೆ, ಅದೂ ಬೆರಳೆಣಿಕೆಯ ಜಾಗಗಳಲ್ಲಿ. ಅದು ಸರ್ಕಾರದ ಪಟ್ಟಿಯಲ್ಲಿದೆ. ಸಿಕ್ಕಿತೆಂದರೆ ಆ ತಗ್ಗನ್ನು ಬಿಟ್ಟೇ ಮನೆ ಕಟ್ಟಬೇಕು.

ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ. ಆಕೆ ಹೂವನ್ನು ಬೋರಲು ಮಾಡಿ ಅದರ ತಳ ತೋರಿಸಿದಳು. ಸಾಮಾನ್ಯದ್ದರಲ್ಲಿ ತಳದ ಹಸಿರು ಎಸಳುಗಳು ಬಿಡಿಬಿಡಿ. ಅಪರೂಪದ್ದರಲ್ಲಿ ಅರ್ಧದವರೆಗೆ ಕೂಡಿಕೊಂಡು ಬಟ್ಟಲಿನಂತಿರುತ್ತವೆ. ಈ ತಗ್ಗಿನ ಹೂವು ಬಟ್ಟಲಿನಂತೆಯೇ ಇತ್ತು. ಆದರೆ ಎಳೆ ಹೂವು ಕೆಲವು ಸಲ ಮೋಸ ಮಾಡುತ್ತದಂತೆ. ಖಾತ್ರಿಯಾಗಬೇಕಾದರೆ ಬೀಜ ಬಲಿಯಬೇಕು. ಗುಡ್ಡದ ಜಾತಿಯ ಬೀಜಕ್ಕೆ ನೆತ್ತಿಯ ಮೇಲೆ ಸಣ್ಣ ಜುಟ್ಟು. ಅಪರೂಪದ್ದು ಬೋಳು. ಬೀಜ ಎಂದರೆ ಎಷ್ಟು, ಒಂದು ಸಾಸಿವೆಯ ಕಾಲು ಭಾಗ.

ಮೊದಲ ಸಲ ಗುಡ್ಡದ ಮೇಲಿನ ಒಂದು ಬಲಿತು ಒಣಗಿದ ಹೂವಿನ ತಲೆಯನ್ನು ಅಂಗೈಯಲ್ಲಿ ಉಜ್ಜಿ, ಹೆಬ್ಬೆರಳಿನಿಂದ ಹೊರಳಿಸಿದೆ. ಆಕೆ ಭೂತಗನ್ನಡಿ ಹುಡುಕುತ್ತಿದ್ದಳು. ನಾನು ಜುಟ್ಟು ಐತಿ ಎಂದೆ. ಆಕೆ ಕನ್ನಡಿ ಹಿಡಿದು ನೋಡಿ ನಕ್ಕಳು.

"ಅಪ್ಪನ ಬೆರಳು ನಿನಗ ಬಂದಾವ ನೋಡಣ್ಣ. ನನಗ ಬರೇ ಅವನ ಮಂಡಿನೋವು ಬಂತು."

ಅಲ್ಲಿಂದ ನಮ್ಮ ಕೆಲಸಕ್ಕೆ ಒಂದು ಪದ್ಧತಿ ಬಿತ್ತು. ನಾನು ಬಗ್ಗಿ ನೋಡಿ ಹೇಳುವುದು, ಆಕೆ ಮಡಚುವ ಕುರ್ಚಿಯ ಮೇಲೆ ಕೂತು ತಲೆ ಎತ್ತದೆ ಬರೆದುಕೊಳ್ಳುವುದು. ಜುಟ್ಟು ಐತಿ, ಬರೆದಳು. ಎಸಳು ಬಿಡಿ, ಬರೆದಳು. ಊರಿನಲ್ಲಿ ಆಕೆಯ ಪುಸ್ತಕ ಮುಟ್ಟಲು ನಾನು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ನನ್ನ ಮಾತು ಆಕೆಯ ಪುಸ್ತಕದೊಳಗೆ ಹೋಗುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಸುಖದ ಭಾನುವಾರಗಳು ಬೇರೆ ಇಲ್ಲ.

ಏಪ್ರಿಲ್ಲಿನ ಒಂದು ಭಾನುವಾರ ಆಕೆಯ ಕಂಪನಿಯ ಮೇಲಧಿಕಾರಿ ಅಲ್ಲಿಗೆ ಬಂದಳು. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು. ಗೇಟು ತೆಗೆದುಕೊಡಲು ಜಾಗದ ಮಾಲೀಕನ ಕಡೆಯವನೊಬ್ಬ ಜೊತೆಗಿದ್ದ. ಮೇಲಧಿಕಾರಿ ನನ್ನ ಕಡೆ ನೋಡಿ ಇವರು ಯಾರೆಂದು ಕೇಳಿದಳು. ನಾನು ಕೈ ಒರೆಸಿಕೊಂಡು ಮುಂದೆ ಬಂದೆ. ದಾವಲಬಿ ನನ್ನ ಕಡೆ ನೋಡದೆ, "ಮೈ ಫೀಲ್ಡ್ ಹೆಲ್ಪರ್" ಎಂದಳು.

ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಚಾಚಿದ ಕೈಯನ್ನು ಚೀಲದ ಮೇಲಿಟ್ಟೆ. ಹಿಂತಿರುಗುವಾಗ ದಾವಲಬಿ ಏನೋ ಹೇಳಲು ಬಾಯಿ ತೆರೆದಳು. ನಾನು ರೇಡಿಯೋ ಹಾಕಿದೆ. ಆಮೇಲೆ ಆಕೆ ಮತ್ತೆ ಪ್ರಯತ್ನಿಸಲಿಲ್ಲ, ನಾನೂ ಕೇಳಲಿಲ್ಲ. ಹಿತ್ತಲಲ್ಲಿ ಕೂರಿಸಿ ಓದಿಸಿದ್ದು, ಧಾರವಾಡದ ಬಸ್ಸಿಗೆ ಟ್ರಂಕು ಹೊತ್ತದ್ದು, ಎಲ್ಲ ನೆನಪಾಯಿತು. ಹೊತ್ತದ್ದಕ್ಕೆ ಇಲ್ಲೊಂದು ಹೆಸರು ಸಿಕ್ಕಿತ್ತು.

ಬೀಜ ಬಲಿಯಲು ಇನ್ನೊಂದು ವಾರವಿದೆ ಅನ್ನುವಾಗ ದಾವಣಗೆರೆಯಲ್ಲಿ ಆಕೆಯ ಅತ್ತೆ ಬಿದ್ದು ಆಸ್ಪತ್ರೆ ಸೇರಿದರು. ಗಂಡ ಸಲೀಮನಿಗೆ ಸ್ಯಾನ್ ಹೊಸೆಯ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆಕೆಯೇ ಹೊರಟಳು. ರಿಪೋರ್ಟು ಕೊಡುವ ದಿನ ಆಕೆ ಮರಳುವ ದಿನಕ್ಕಿಂತ ಮೊದಲೇ ಇತ್ತು. ಬಲಿತ ತಲೆ ಬಿಸಿಲಿಗೆ ಉದುರಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ತಾನು ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದೆಂಬುದು ಆಕೆಯ ಕಸುಬಿನ ಮೊದಲ ನಿಯಮ. ಆಕೆ ಅದನ್ನು ಒಂದು ಸಲವೂ ಮೀರಿದವಳಲ್ಲ. ವಿಮಾನಕ್ಕೆ ಹೊರಡುವ ಬೆಳಿಗ್ಗೆ ಫೋನಿಗೆ ಸಿಕ್ಕಿಸುವ ಪುಟ್ಟ ಭೂತಗನ್ನಡಿಯನ್ನು ನನ್ನ ಕೈಯಲ್ಲಿಟ್ಟಳು. ತಗ್ಗಿನ ನಾಲ್ಕು ಕಡೆಯ ತಲೆಗಳನ್ನು ಉಜ್ಜಿ, ಬೀಜವನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದು ಕಳಿಸಬೇಕು.

"ಬ್ಯಾರೆ ಯಾರಿಗೂ ಹೇಳತಿದ್ದಿಲ್ಲ. ನಿನ್ನ ಕಣ್ಣು ಅಂದ್ರ ನನ್ನ ಕಣ್ಣ," ಎಂದಳು.

ನಾನು ಹೂಂ ಅಂದೆ. ಹೆಲ್ಪರ್ ಎಂಬ ಮಾತನ್ನು ಆಗಲೂ ಮರೆತಿರಲಿಲ್ಲ.

ಎರಡು ದಿನದ ನಂತರ ಬಶೀರ್ ಸಾಹೇಬರು ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು. ಆ ಜಾಗದ ಹುಲ್ಲು, ಬೇಲಿ ಎರಡರ ಗುತ್ತಿಗೆಯೂ ತಮಗೇ ಬಂದಿದೆ ಎಂದರು. ಗೇಟು ತೆಗೆದವನು ಅವರ ಗುರುತಿನವನು. ಅಲ್ಲಿ ನಡೆದದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಬೀಜದ ಫೋಟೋದ ಕೆಲಸ ಈಗ ನನ್ನ ಕೈಯಲ್ಲಿದೆ ಎಂಬುದನ್ನು ನಾನೇ ಹೇಳಿದ್ದೆ. ಹೂವಿನ ವಿಷಯ ಕಾಗದಕ್ಕೆ ಬಂದರೆ ಆ ಆಫೀಸು ಈ ಆಫೀಸು ಎಂದು ವರ್ಷಗಟ್ಟಲೆ ಎಳೆಯುತ್ತದೆ, ಮಾಲೀಕನೂ ಒಳ್ಳೆಯವನೇ, ಸುತ್ತ ಬೇಲಿ ಹಾಕಿ ತಗ್ಗನ್ನು ಹಾಗೆಯೇ ಬಿಡುತ್ತಾನೆ, ಕಾಗದದ ರಗಳೆ ಮಾತ್ರ ಬೇಡವಂತೆ ಎಂದು ವಿವರಿಸಿದರು. ಬೇಲಿಯ ಕೆಲಸಕ್ಕೆ ನನ್ನನ್ನೇ ಮೇಸ್ತ್ರಿ ಮಾಡುವುದಾಗಿಯೂ, ಲಾರಿಯ ಕೀಲಿ ನನ್ನ ಹತ್ತಿರವೇ ಇರುವುದಾಗಿಯೂ ಹೇಳಿದರು. ತಂಗಿಗೆ ಕೇಳಬೇಕು ಎಂದೆ.

"ಕೇಳಪ್ಪ, ಬೇಡ ಅಂದೋರ್ಯಾರು," ಎಂದರು ಸಾಹೇಬರು, ಹಲ್ಲಿನ ಸಂದಿಯ ಕಡ್ಡಿ ತೆಗೆಯುತ್ತಾ. "ಆದ್ರೆ ಇಮಾಮ್, ಅಣ್ಣನ ಮಾತು ಅಂದ್ರೆ ಒಂದು. ಹೆಲ್ಪರ್ ಮಾತು ಅಂದ್ರೆ ಇನ್ನೊಂದು."

ಆ ಒಂದು ಮಾತು ಸಾಕಾಯಿತು. ಅವರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಗಾಯ ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು, ಅಷ್ಟೇ. ಅವರು ಅಲ್ಲಿ ಕೈಯಿಟ್ಟಾಗ ನನ್ನ ಸಿಟ್ಟನ್ನು ತಗ್ಗಿನ ಕಡೆ ತಿರುಗಿಸಿದವನು ನಾನು.

ಭಾನುವಾರ ಒಬ್ಬನೇ ಹೋದೆ. ನೀರು ಪೂರಾ ಇಂಗಿ ಮಣ್ಣು ಬಿರಿದಿತ್ತು. ಹಳದಿ ಬಳೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಉತ್ತರದ ಅಂಚಿನಲ್ಲಿ ಒಂದು ತಲೆ ಉಜ್ಜಿದೆ. ಹೆಬ್ಬೆರಳ ಕೆಳಗೆ ಬೀಜ ಉರುಳಿತು, ನುಣ್ಣಗೆ. ಕನ್ನಡಿ ಹಾಕಿ ನೋಡಿದೆ, ಬೋಳು. ದಕ್ಷಿಣದ್ದು, ಬೋಳು. ನಾಲ್ಕೂ ಕಡೆ ನೋಡಿದೆ. ನಾಲ್ಕೂ ಬೋಳು. ಯಾರಿಗಾದರೂ ಕೂಗಿ ಹೇಳಬೇಕೆನಿಸಿತು. ಹೇಳಬೇಕಾದವಳು ಒಬ್ಬಳೇ ಇದ್ದಳು.

ಬೀಜಗಳನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ಇಳಿಜಾರಿನಲ್ಲಿ ಸಾಮಾನ್ಯದ್ದು ಬೇಕಾದಷ್ಟಿತ್ತು. ನಾಲ್ಕು ತಲೆ ಕಿತ್ತು ಉಜ್ಜಿ, ಜುಟ್ಟಿನ ಬೀಜಗಳನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದೆ. ಒಂದಕ್ಕೆ ಉತ್ತರ ಎಂದು ಬರೆದೆ, ಒಂದಕ್ಕೆ ದಕ್ಷಿಣ ಎಂದು. ಹಿನ್ನೆಲೆಗೆ ತಗ್ಗಿನ ಬಿರಿದ ಮಣ್ಣೇ ಇರಲೆಂದು ಕೆಳಗಿಳಿದು ಬಂದು ಮತ್ತೊಮ್ಮೆ ತೆಗೆದೆ. ಅಷ್ಟು ಜಾಣತನ ನನಗೆಲ್ಲಿಂದ ಬಂತೋ. ಆಕೆ ದಾವಣಗೆರೆಯಿಂದ ಫೋನು ಮಾಡಿ ಎಲ್ಲವೂ ತಗ್ಗಿನವೇ ಏನು ಎಂದು ಒಂದು ಸಲ ಕೇಳಿದಳು. ಹೌದು ಎಂದೆ. ಛೇ, ನನ್ನ ಮನಸ್ಸು ಅದೇ ಅನ್ನತಿತ್ತು ನೋಡು ಎಂದಳು. ದನಿಯಲ್ಲಿ ನಿರಾಸೆಯಿತ್ತು, ಅನುಮಾನವಿರಲಿಲ್ಲ. ಅತ್ತೆಯ ಹಾಸಿಗೆಯ ಪಕ್ಕ ಕೂತೇ ರಿಪೋರ್ಟು ಬರೆದು ಸಹಿ ಹಾಕಿ ಕಳಿಸಿದಳು.

ಮುಂದಿನ ವಾರ ಲಾರಿಯ ಕೀಲಿ ನನ್ನ ಕೈಗೆ ಬಂತು. ಬೆಳಿಗ್ಗೆ ಬೇಲಿಯ ಕಂಬಗಳನ್ನು ಹೇರಿಕೊಂಡು ಹೊರಟೆ. ತಗ್ಗಿನ ಸುತ್ತ ಎಷ್ಟು ದೂರಕ್ಕೊಂದು ಕಂಬ ನೆಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಹೂವಿಗೆ ನೆರಳು ಬೀಳದಂತೆ ಎರಡು ಮಾರು ಬಿಟ್ಟು ನೆಡೋಣ ಎಂದುಕೊಂಡಿದ್ದೆ. ಗೇಟು ದಾಟಿದಾಗ ಹಸಿ ಹುಲ್ಲಿನ ವಾಸನೆ ಬಂತು. ಹುಲ್ಲು ಹಿಂದಿನ ದಿನವೇ ಕಡಿದಾಗಿತ್ತು. ಟ್ರ್ಯಾಕ್ಟರು ತಗ್ಗಿನ ನಡುವೆ ನಿಂತಿತ್ತು. ತಗ್ಗು ಅನ್ನುವುದೇ ಇರಲಿಲ್ಲ. ಅಂಚಿನ ಮಣ್ಣನ್ನು ಒಳಕ್ಕೆ ಮಗುಚಿ, ಡಿಸ್ಕು ನೇಗಿಲು ಹೊಡೆದು ಸಮ ಮಾಡಿದ್ದರು. ಸಾಹೇಬರಿಗೆ ಫೋನು ಮಾಡಿದೆ. ರಿಪೋರ್ಟಲ್ಲಿ ಏನೂ ಇಲ್ಲವಲ್ಲಪ್ಪ, ಇಲ್ಲದ್ದಕ್ಕೆ ಬೇಲಿ ಯಾಕೆ, ಕಂಬಗಳನ್ನು ರಸ್ತೆ ಕಡೆ ಇಳಿಸು ಎಂದರು. ಇಳಿಸಿದೆ. ಮೋಸ ಹೋದವನ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಕೂಗುವ ಹಕ್ಕು ನನಗಿರಲಿಲ್ಲ. ನಾನು ಬರೆಸಿದ ಸುಳ್ಳನ್ನೇ ಅವರು ನನಗೆ ಓದಿ ಹೇಳಿದ್ದರು.

ದಾವಲಬಿ ಮರಳಿ ಬಂದ ಮೂರನೆಯ ದಿನ ಒಬ್ಬಳೇ ಅಲ್ಲಿಗೆ ಹೋದಳು. ಕೆಲಸವೇನೂ ಇರಲಿಲ್ಲ, ಹೂವನ್ನು ನೋಡಿ ಬರಲು ಹೋದಳು. ಮಧ್ಯಾಹ್ನ ಅಡುಗೆಮನೆಗೆ ಬಂದವಳ ಚಪ್ಪಲಿಯ ತುಂಬ ಜೇಡಿಮಣ್ಣು. ನಾನು ರೊಟ್ಟಿ ಬೇಯಿಸುತ್ತಿದ್ದೆ. ಮುಚ್ಚಿದ ಕೈಯನ್ನು ನನ್ನ ಮುಂದೆ ಹಿಡಿದು ಬಿಚ್ಚಿದಳು. ತಗ್ಗಿನ ಅಂಚಿನ ಒಂದು ಹಳೆಯ ಗೂಟದ ಬುಡದಲ್ಲಿ ಟ್ರ್ಯಾಕ್ಟರಿಗೆ ಸಿಗದೆ ಉಳಿದ ಎರಡು ಒಣ ತಲೆಗಳಂತೆ. ಅವನ್ನು ಉಜ್ಜಿಕೊಂಡು ಬಂದಿದ್ದಳು.

"ಅಣ್ಣಾ, ಇದಕ್ಕ ಜುಟ್ಟು ಐತೇನು?"

ನಾನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ. ಇಲ್ಲ ಎಂದೆ.

"ಅವತ್ತು ಇತ್ತು."

ಹಂಚಿನ ಮೇಲೆ ರೊಟ್ಟಿ ಹೊತ್ತತೊಡಗಿತು. ಆಗಲೇ ಹೇಳಬೇಕಿತ್ತು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಏನು ಹೇಳಿದರೂ ನಂಬಲು ಸಿದ್ಧವಾದ ಮುಖ ಅದು. ಅದನ್ನು ಕಂಡು ಎರಡನೆಯ ಸುಳ್ಳು ತಾನಾಗಿ ಹೊರಬಂತು.

"ಕಣ್ಣು ಮೊದಲಿನಂಗ ಇಲ್ಲ, ದಾವಿ. ಗುಡ್ಡದ್ದು ಯಾವುದು, ತಗ್ಗಿಂದು ಯಾವುದು, ಕಲಸಿಬಿಟ್ಟೆ ಕಾಣತೈತಿ."

ಆಕೆ ಬಹಳ ಹೊತ್ತು ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಬೀಜಗಳನ್ನು ಒಂದು ಕಾಗದದಲ್ಲಿ ಮಡಚಿ, ಒಲೆಯ ಉರಿ ಸಣ್ಣ ಮಾಡಿದಳು. ತಪ್ಪು ತನ್ನದು, ಕಣ್ಣಿನ ಡಾಕ್ಟರಿಗೆ ಮೊದಲೇ ತೋರಿಸಬೇಕಿತ್ತು ಎಂದಳು.

ಕಂಪನಿಗೆ ತಾನೇ ಪತ್ರ ಬರೆದಳು. ಅದರಲ್ಲೇನಿತ್ತೆಂದು ನನಗೆ ತಿಳಿದದ್ದು ಆಕೆಯ ಕೆಲಸ ಹೋದ ಮೇಲೆ, ಸಲೀಮನಿಂದ. ಆತ ಬೆಂಗಳೂರಿನವನು, ಎಂದೂ ದನಿ ಎತ್ತುವವನಲ್ಲ. ಅವತ್ತು ಬಾಲ್ಕನಿಯಲ್ಲಿ ನನ್ನ ಪಕ್ಕ ನಿಂತು, ರೇಲಿಂಗು ಹಿಡಿದುಕೊಂಡು ಹೇಳಿದ. ಫೋಟೋ ತೆಗೆದವರು ಯಾರು ಎಂದು ಕಂಪನಿಯವರು ಕೇಳಿದ್ದರಂತೆ.

"ಹೆಲ್ಪರ್ ಅಂತ ಬರೆದಿದ್ರೆ ಮುಗೀತಿತ್ತು ಭಾವ. ಹೆಲ್ಪರ್ ತಪ್ಪು ಮಾಡ್ದ ಅಂತ ಇವಳಿಗೊಂದು ವಾರ್ನಿಂಗು ಕೊಟ್ಟು ಬಿಡ್ತಿದ್ರು. ಮನೆಯವರನ್ನ ಸೈಟಿಗೆ ಕರ್ಕೊಂಡು ಹೋಗೋ ಹಾಗೇ ಇಲ್ಲ ಅಲ್ಲಿ. ನಿಮ್ಮನ್ನ ಕರ್ಕೊಂಡು ಹೋಗ್ಬೇಕು ಅಂತಾನೇ ಅವತ್ತು ಹೆಲ್ಪರ್ ಅಂದಿದ್ದು. ಈಗ ನೋಡಿದ್ರೆ, ನನ್ನ ಸ್ವಂತ ಅಣ್ಣ, ಅಂತ ಬರೆದಿದ್ದಾಳೆ. ಅವನ ಕಣ್ಣಿನ ಮೇಲೆ ನಂಬಿಕೆ ಇಟ್ಟು ಸಹಿ ಹಾಕಿದೆ, ತಪ್ಪು ನನ್ನದು ಅಂತ."

ನಾನು ಕೆಳಗೆ ಪಾರ್ಕಿಂಗಿನಲ್ಲಿ ನಿಂತ ಕಾರುಗಳನ್ನು ನೋಡುತ್ತಿದ್ದೆ. ಯಾವ ಒಂದು ಮಾತಿಗಾಗಿ ನಾನು ಅಷ್ಟೆಲ್ಲ ಮಾಡಿದೆನೋ ಆ ಮಾತನ್ನು ಆಕೆ ಬರೆದುಕೊಟ್ಟಿದ್ದಳು. ಅದು ತನ್ನನ್ನು ಮುಳುಗಿಸುತ್ತದೆಂದು ಗೊತ್ತಿದ್ದೂ ಬರೆದಿದ್ದಳು.

ಬಶೀರ್ ಸಾಹೇಬರ ಕೆಲಸ ಬಿಟ್ಟೆ. ಈಗ ಒಂದು ಗ್ರೋಸರಿ ಅಂಗಡಿಯಲ್ಲಿ ತರಕಾರಿ ಜೋಡಿಸುತ್ತೇನೆ. ದಾವಲಬಿ ಒಂದು ನರ್ಸರಿಯಲ್ಲಿ ಗಿಡಗಳನ್ನು ಕುಂಡಕ್ಕೆ ಹಾಕುತ್ತಾಳೆ. ಆಕೆಯ ಸಹಿ ಈಗ ಯಾರಿಗೂ ಬೇಕಾಗಿಲ್ಲ. ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಮಾತ್ರ ಆಕೆ ಕರೆದುಕೊಂಡು ಹೋಗದೆ ಬಿಡಲಿಲ್ಲ. ನನ್ನ ವಯಸ್ಸಿನವರಿಗೆಲ್ಲ ಬರುವಂಥ ಸಣ್ಣ ನಂಬರು ಬಂತು. ಡಾಕ್ಟರು ಇದು ಏನೇನೂ ಅಲ್ಲ ಎಂದರು. ತಂಗಿ ಕೇಳಿಸಿಕೊಂಡಳು, ಆದರೂ ಒಳ್ಳೆಯ ಚೌಕಟ್ಟು ಆರಿಸಿ ಚಷ್ಮಾ ಮಾಡಿಸಿದಳು. ದಾವಲಬಿಯ ಮಗಳು ಸಾರಾ ನೋಡಿ, "ಲುಕಿಂಗ್ ಸ್ಮಾರ್ಟ್, ಮಾಮಾ" ಎಂದಳು. ಮೂರು ವರ್ಷ ಅದನ್ನು ಹಾಕಿಕೊಂಡು ತಿರುಗಿದ್ದೇನೆ. ಬೆಳಿಗ್ಗೆ ಎದ್ದು ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಅಪ್ಪ ಹೇಳುತ್ತಿದ್ದ ಹತ್ತಿಕಾಳು ಬೆನ್ನಿಗೆ ತಾಗುತ್ತದೆ.

ಈ ವಸಂತದಲ್ಲಿ ಮತ್ತೆ ಮಳೆ ಚೆನ್ನಾಗಿ ಬಂತು. ಸಾರ್ವಜನಿಕರಿಗೆ ಬಿಟ್ಟ ಇನ್ನೊಂದು ಗುಡ್ಡದಲ್ಲಿ ಅಂಥದೇ ತಗ್ಗೊಂದಿದೆ, ಹೂವನ್ನು ಎಣಿಸಲು ಯಾರು ಬೇಕಾದರೂ ಹೋಗಬಹುದು, ಬರುತ್ತೀಯಾ ಎಂದು ದಾವಲಬಿ ಕೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ. ಹೋದೆವು. ಆಕೆ ಮಡಚುವ ಕುರ್ಚಿಯ ಮೇಲೆ ಕೂತು ಹಳೆಯ ಪುಸ್ತಕ ತೆರೆದಳು. ನಾನು ಮೊಣಕಾಲೂರಿ ಮೊದಲ ಒಣ ತಲೆಯನ್ನು ಉಜ್ಜಿದೆ. ಅಭ್ಯಾಸಬಲದಿಂದ ಚಷ್ಮಾ ತೆಗೆದು ಜೇಬಿಗಿಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಭೂತಗನ್ನಡಿಯೂ ಬೇಕಾಗಲಿಲ್ಲ.

"ಜುಟ್ಟು ಐತಿ," ಎಂದೆ.

ಪೆನ್ನು ಅಲುಗಲಿಲ್ಲ. ತಲೆ ಎತ್ತಿದೆ. ಆಕೆ ನನ್ನ ಬರಿಗಣ್ಣನ್ನು ನೋಡುತ್ತಿದ್ದಳು.

"ಚಷ್ಮಾ ಹಾಕ್ಕೊಂಡು ನೋಡಣ್ಣ."

ಆಕೆ ನನಗೊಂದು ದಾರಿ ಬಿಡುತ್ತಿದ್ದಳು. ಜೇಬಿಗೆ ಕೈ ಹಾಕಿದ್ದರೆ ಸಾಕಿತ್ತು, ಇನ್ನೂ ಎಷ್ಟೋ ವರ್ಷ ಹಾಗೆಯೇ ನಡೆದುಹೋಗುತ್ತಿತ್ತು. ಗಾಳಿಗೆ ಅಂಗೈಯ ಬೀಜ ಹಾರದಂತೆ ಇನ್ನೊಂದು ಕೈ ಮುಚ್ಚಿಕೊಂಡೆ.

"ಬ್ಯಾಡ ದಾವಿ. ಅವತ್ತೂ ಚಷ್ಮಾ ಇಲ್ಲದನ ಕಂಡಿತ್ತು."

ಆಕೆ ಪುಸ್ತಕದ ಮೇಲೆ ಬಿದ್ದ ಒಂದು ಇರುವೆಯನ್ನು ಊದಿದಳು. ಆಮೇಲೆ ಊಟದ ಡಬ್ಬಿ ಬಿಚ್ಚಿ, ಯಾವಾಗಿನಂತೆ ನನ್ನ ಪಾಲಿಗೆ ಎರಡು ರೊಟ್ಟಿ ಹೆಚ್ಚು ಹಾಕಿ ಕೊಟ್ಟಳು. ತಿಂದೆವು. ತಿಂದು ಕೈ ತೊಳೆದು ಮತ್ತೆ ಕೂತೆವು. ಮುಂದಿನದು ನೋಡು ಎಂದಳು.

ಬಿಸಿಲು ಇಳಿಯುವಷ್ಟರಲ್ಲಿ ತಗ್ಗಿನ ಸುತ್ತ ಒಂದು ಸುತ್ತು ಮುಗಿಸಿದೆವು. ನಾನು ಉಜ್ಜಿದೆ, ನೋಡಿದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಪ್ರತಿ ಸಲವೂ ಆಕೆ ಪೆನ್ನು ಕೆಳಗಿಟ್ಟು, ನೋಯುವ ಮಂಡಿಯನ್ನು ಹಿಡಿದುಕೊಂಡು ಕುರ್ಚಿಯಿಂದ ಎದ್ದಳು. ನನ್ನ ಅಂಗೈಯ ಬೀಜವನ್ನು ತನ್ನ ಅಂಗೈಗೆ ತೆಗೆದುಕೊಂಡು, ಕನ್ನಡಿ ಹಿಡಿದು ತಾನೇ ನೋಡಿದಳು. ಆಮೇಲೆ ಹೋಗಿ ಕೂತು ಬರೆದಳು.